ಏಜೆನ್ಸಿ ದಿವಾಳಿಯಾದರೆ ದುಡಿದವರ ಪಾಡೇನು?

ನಮ್ಮ ನಗರಗಳ ದುಡಿಮೆಯ ಲೋಕದಲ್ಲಿ ಕಳೆದ ಮೂರು ದಶಕಗಳಲ್ಲಿ ಒಂದು ದೊಡ್ಡ ಬದಲಾವಣೆ ಹೆಚ್ಚು ಸದ್ದಿಲ್ಲದೆ ನಡೆದುಹೋಗಿದೆ. ಕೆಲಸ ಹೇಳುವವರು ಒಬ್ಬರು, ಸಂಬಳ ಕೊಡುವವರು ಇನ್ನೊಬ್ಬರು. ಬ್ಯಾಂಕಿನ ಬಾಗಿಲಲ್ಲಿ ನಿಂತ ಕಾವಲುಗಾರ ಬ್ಯಾಂಕಿನ ನೌಕರನಲ್ಲ. ಸರ್ಕಾರಿ ಕಚೇರಿಯಲ್ಲಿ ನಿಮ್ಮ ಅರ್ಜಿಯನ್ನು ಕಂಪ್ಯೂಟರಿಗೆ ಏರಿಸುವ ಹುಡುಗಿ ಸರ್ಕಾರದ ನೌಕರಳಲ್ಲ. ದೊಡ್ಡ ಸಾಫ್ಟ್‌ವೇರ್ ಕಂಪನಿಯ ಗುರುತಿನ ಚೀಟಿಯನ್ನು ಕೊರಳಿಗೆ ಹಾಕಿಕೊಂಡು ಓಡಾಡುವ ಎಂಜಿನಿಯರುಗಳಲ್ಲಿ ಹಲವರು ಆ ಕಂಪನಿಯವರಲ್ಲ. ಚೀಟಿಯ ದಾರದ ಬಣ್ಣವೊಂದೇ ಅವರನ್ನು ಬೇರೆಯವರೆಂದು ತೋರಿಸುತ್ತದೆ. ಇವರೆಲ್ಲರ ಸಂಬಳ ಬರುವುದು ನಡುವೆ ನಿಂತಿರುವ ಒಂದು ಏಜೆನ್ಸಿಯಿಂದ. ಸರ್ಕಾರಿ ಭಾಷೆಯಲ್ಲಿ ಇದಕ್ಕೆ ಹೊರಗುತ್ತಿಗೆ ಎಂದು ಹೆಸರು.

ಏಜೆನ್ಸಿ ಸರಿಯಾಗಿ ನಡೆಯುತ್ತಿರುವವರೆಗೆ ಈ ಏರ್ಪಾಟಿನ ಲೋಪಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಮುಳುಗಿದ ದಿನ ಮಾತ್ರ ಒಂದು ವಿಚಿತ್ರ ಸ್ಥಿತಿ ಎದುರಾಗುತ್ತದೆ. ಕೆಲಸ ಮಾಡಿಸಿಕೊಂಡ ಕಂಪನಿ ‘ನಾವು ಹಣ ಕೊಟ್ಟಾಗಿದೆ’ ಎನ್ನುತ್ತದೆ. ಏಜೆನ್ಸಿ ‘ನಮ್ಮ ಬಳಿ ಹಣವಿಲ್ಲ’ ಎನ್ನುತ್ತದೆ. ಇಬ್ಬರ ಮಾತೂ ನಿಜವಾಗಿರಬಹುದು. ದುಡಿದವನ ಸಂಬಳ ಮಾತ್ರ ಎಲ್ಲಿಯೂ ಇರುವುದಿಲ್ಲ.

ಇದು ಕೇವಲ ಕಲ್ಪನೆಯ ಭಯವಲ್ಲ. 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ನಡೆದ ದಾಂದಲೆಯನ್ನು ಓದುಗರು ಮರೆತಿರಲಾರರು. ಅಲ್ಲಿ ದುಡಿಯುತ್ತಿದ್ದವರಲ್ಲಿ ಬಹುಪಾಲು ಮಂದಿ ಏಜೆನ್ಸಿಗಳ ಮೂಲಕ ಬಂದವರು. ಸಂಬಳ ಸರಿಯಾಗಿ, ಸಕಾಲಕ್ಕೆ ಕೈಸೇರುತ್ತಿಲ್ಲ ಎಂಬುದು ಅವರ ದೂರು. ಕೆಲವರಿಗೆ ಸಂಬಳ ಸರಿಯಾಗಿ ಪಾವತಿಯಾಗಿರಲಿಲ್ಲ ಎಂದು ಕಂಪನಿಯೇ ಆಮೇಲೆ ಒಪ್ಪಿಕೊಂಡಿತು. ಆ್ಯಪಲ್ ಸಂಸ್ಥೆ ಅದನ್ನು ಪರೀಕ್ಷಾವಧಿಗೆ ಒಳಪಡಿಸಿತು. ಅಲ್ಲಿ ಯಾವ ಏಜೆನ್ಸಿಯೂ ದಿವಾಳಿಯಾಗಿರಲಿಲ್ಲ. ಕೊಡುವವನಿಗೂ ಪಡೆಯುವವನಿಗೂ ನಡುವೆ ಇನ್ನೊಬ್ಬ ನಿಂತಾಗ ಸಂಬಳ ಎಲ್ಲಿ ಕಳೆದುಹೋಗುತ್ತಿದೆ ಎಂಬುದೇ ತಿಳಿಯದೆ ಎಂಥ ಸಿಟ್ಟು ಹುಟ್ಟಬಲ್ಲದು ಎಂಬುದಕ್ಕೆ ಅದು ಸಾಕ್ಷಿ. ಗಾಜು ಒಡೆದದ್ದು ತಪ್ಪು. ಆದರೆ ಒಡೆಯುವ ಮುನ್ನ ಅವರು ಯಾರನ್ನು ಕೇಳಬೇಕಿತ್ತು ಎಂಬ ಪ್ರಶ್ನೆಗೆ ಅವರಿಗೆ ಯಾರೂ ಉತ್ತರ ಹೇಳಿರಲಿಲ್ಲ ಎಂಬುದೂ ಅಷ್ಟೇ ನಿಜ.

ತೆಳುವಾದ ಲಾಭ, ದಪ್ಪನೆಯ ಸಾಲ

ಏಜೆನ್ಸಿಗಳು ಮುಳುಗುವುದೇಕೆ? ಮಾಲೀಕನ ಮೋಸವೇ ಯಾವಾಗಲೂ ಕಾರಣವಾಗಿರುವುದಿಲ್ಲ. ಈ ವ್ಯವಹಾರದ ಲೆಕ್ಕವನ್ನೊಮ್ಮೆ ನೋಡಬೇಕು. ಒಂದು ಏಜೆನ್ಸಿ ತಲಾ 30,000 ರೂಪಾಯಿ ಸಂಬಳದ 100 ಜನರನ್ನು ಒಂದು ಕಂಪನಿಗೆ ಒದಗಿಸಿದೆ ಎಂದುಕೊಳ್ಳೋಣ. ತಿಂಗಳ ಸಂಬಳದ ಮೊತ್ತ 30 ಲಕ್ಷ. ಏಜೆನ್ಸಿಯ ಕಮಿಷನ್ ಶೇ 5 ಎಂದರೆ ಒಂದೂವರೆ ಲಕ್ಷ. ಸಂಬಳವನ್ನು ಮುಂದಿನ ತಿಂಗಳ 7ರೊಳಗೆ ಕೊಡಬೇಕು. ಆದರೆ ಕಂಪನಿ ತನ್ನ ಬಿಲ್ಲನ್ನು ಪಾವತಿ ಮಾಡುವುದು 60 ದಿನಕ್ಕೋ 90 ದಿನಕ್ಕೋ. ಆ ನಡುವೆ 90 ಲಕ್ಷದವರೆಗಿನ ಹಣವನ್ನು ಏಜೆನ್ಸಿ ಬ್ಯಾಂಕಿನಿಂದ ಸಾಲ ತಂದು ತೊಡಗಿಸಬೇಕು. ಶೇ 12ರ ಬಡ್ಡಿಯೆಂದರೂ ತಿಂಗಳಿಗೆ 90,000 ರೂಪಾಯಿ ಬಡ್ಡಿಗೇ ಹೋಯಿತು. ಉಳಿದ 60,000ದಲ್ಲಿ ಕಚೇರಿಯ ಬಾಡಿಗೆ, ಸಿಬ್ಬಂದಿ, ಲೆಕ್ಕಪತ್ರ ಎಲ್ಲವೂ ನಡೆಯಬೇಕು. ಇದರ ಮೇಲೆ ಜಿಎಸ್‌ಟಿ. ಅದು ಕಮಿಷನ್ನಿನ ಮೇಲಷ್ಟೇ ಅಲ್ಲ, ಸಂಬಳವೂ ಸೇರಿದ ಇಡೀ ಬಿಲ್ಲಿನ ಮೇಲೆ ಶೇ 18. ಕಂಪನಿ ಹಣ ಕೊಟ್ಟಿರಲಿ ಬಿಡಲಿ, ಬಿಲ್ಲು ಬರೆದ ಮರುತಿಂಗಳೇ ಅದನ್ನು ಸರ್ಕಾರಕ್ಕೆ ಕಟ್ಟಬೇಕು.

ಇಂಥ ಸ್ಥಿತಿಯಲ್ಲಿ ಒಂದು ಕಂಪನಿ ಒಂದೇ ತಿಂಗಳ ಬಿಲ್ಲನ್ನು ತಕರಾರು ತೆಗೆದು ನಿಲ್ಲಿಸಿತೆನ್ನಿ. 31.5 ಲಕ್ಷ ರೂಪಾಯಿ, ಅಂದರೆ 21 ತಿಂಗಳ ಕಮಿಷನ್ ಒಮ್ಮೆಗೇ ಸಿಕ್ಕಿಕೊಂಡಂತೆ. ಆಗ ಏಜೆನ್ಸಿ ಮೊದಲು ಕೈಹಾಕುವುದು ಭವಿಷ್ಯ ನಿಧಿಗೆ ಕಟ್ಟಬೇಕಾದ ಹಣಕ್ಕೆ, ಆಮೇಲೆ ತೆರಿಗೆಯೆಂದು ಮುರಿದುಕೊಂಡ ಹಣಕ್ಕೆ, ಕೊನೆಗೆ ಸಂಬಳಕ್ಕೆ. ಮುಳುಗುವ ಏಜೆನ್ಸಿಯ ಲಕ್ಷಣಗಳೂ ಇದೇ ಕ್ರಮದಲ್ಲಿ ಕಾಣಿಸಿಕೊಳ್ಳುತ್ತವೆ. ಪಿ.ಎಫ್. ಜಮೆಯಾದ ಸಂದೇಶ ಮೊಬೈಲಿಗೆ ಬರುವುದು ನಿಲ್ಲುತ್ತದೆ. ಆದಾಯ ತೆರಿಗೆಯ ಖಾತೆಯಲ್ಲಿ ಮುರಿದ ತೆರಿಗೆ ಕಾಣಿಸುವುದಿಲ್ಲ. 5ಕ್ಕೆ ಬರುತ್ತಿದ್ದ ಸಂಬಳ 12ಕ್ಕೆ, ಆಮೇಲೆ 20ಕ್ಕೆ, ಅದೂ ಎರಡು ಕಂತುಗಳಲ್ಲಿ ಬರತೊಡಗುತ್ತದೆ. ಈ ಲಕ್ಷಣಗಳನ್ನು ಕಂಡಾಗಲೇ ಎಚ್ಚೆತ್ತುಕೊಳ್ಳುವುದು ಏಕೆ ಮುಖ್ಯವೆಂಬುದನ್ನು ಮುಂದೆ ಹೇಳುತ್ತೇನೆ.

ಪಕ್ಕಪಕ್ಕದ ಕುರ್ಚಿ, ಬೇರೆ ಬೇರೆ ಸಾಲು

ನಾನು ತಾಂತ್ರಿಕ ಬರಹಗಾರ. ಯಂತ್ರಗಳ, ತಂತ್ರಾಂಶಗಳ ಕೈಪಿಡಿ ಬರೆಯುವುದು ನನ್ನ ವೃತ್ತಿ. ಹಲವು ವರ್ಷಗಳಿಂದ ಏಜೆನ್ಸಿಗಳ ಮೂಲಕವೇ ದುಡಿಯುತ್ತ ಬಂದವನು. 2022ರಲ್ಲಿ ನನ್ನನ್ನು ಬೆಂಗಳೂರಿನ ಒಂದು ಕಂಪನಿಗೆ ಕಳಿಸಿದ್ದ ಏಜೆನ್ಸಿ ಬಾಗಿಲು ಹಾಕಿತು. ಆಗ ನನಗೆ ಎರಡು ತಿಂಗಳ ಹಣ ಬರಬೇಕಿತ್ತು. ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ನನ್ನಷ್ಟೇ ಕೆಲಸ ಮಾಡುತ್ತಿದ್ದ ಗೆಳೆಯನಿಗೂ ಎರಡು ತಿಂಗಳ ಬಾಕಿ. ಅದೇ ಕಟ್ಟಡದ ಗೇಟಿನಲ್ಲಿ ನಿಲ್ಲುತ್ತಿದ್ದ, ಅದೇ ಏಜೆನ್ಸಿಯ ಕಾವಲುಗಾರರಿಗೂ ಎರಡು ತಿಂಗಳ ಬಾಕಿ. ಒಂದೇ ಏಜೆನ್ಸಿ, ಒಂದೇ ಕಂಪನಿ, ಒಂದೇ ಅವಧಿಯ ದುಡಿಮೆ. ಆದರೆ ಕಾನೂನಿನ ಕಣ್ಣಿಗೆ ನಾವು ಮೂರು ಬೇರೆ ಜಾತಿಯವರು.

ಕಾವಲುಗಾರರು ಗುತ್ತಿಗೆ ಕಾರ್ಮಿಕರು. ಅವರು ಕಾರ್ಮಿಕ ಇಲಾಖೆಗೆ ಹೋಗಿ ಒಟ್ಟಾಗಿ ಅರ್ಜಿ ಕೊಟ್ಟರು. ಆಗ ಜಾರಿಯಲ್ಲಿದ್ದ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ, ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಪ್ರಧಾನ ಉದ್ಯೋಗದಾತನೇ ಕೊಡಬೇಕು. ಇಲಾಖೆಯ ನೋಟಿಸು ಹೋದ ಕೆಲವು ವಾರಗಳಲ್ಲಿ ಕಂಪನಿ ಅವರ ಸಂಬಳವನ್ನು ನೇರವಾಗಿ ಅವರ ಖಾತೆಗಳಿಗೆ ಹಾಕಿತು. ನನ್ನ ಗೆಳೆಯ ಏಜೆನ್ಸಿಯ ಸಂಬಳದ ಪಟ್ಟಿಯಲ್ಲಿದ್ದವನು. ಕಂಪನಿ ಅವನನ್ನು ಗುತ್ತಿಗೆ ಕಾರ್ಮಿಕನೆಂದು ಒಪ್ಪಲಿಲ್ಲ. ಅವನು ಏಜೆನ್ಸಿಯ ‘ಉದ್ಯೋಗಿ’ಯಾಗಿ ದಿವಾಳಿ ಪ್ರಕ್ರಿಯೆಯಲ್ಲಿ ಹಕ್ಕು ಸಲ್ಲಿಸಿ, ಬಹಳ ತಡವಾಗಿ, ಬಾಕಿಯ ಒಂದು ಸಣ್ಣ ಭಾಗವನ್ನು ಪಡೆದ. ನನ್ನದು ‘ಸಲಹೆಗಾರ’ನ ಒಪ್ಪಂದ. ಪ್ರತಿ ತಿಂಗಳು ಬಿಲ್ಲು ಕೊಡುತ್ತಿದ್ದವನು. ಹಾಗಾಗಿ ಕಾನೂನಿನ ದೃಷ್ಟಿಯಲ್ಲಿ ನಾನು ದುಡಿದವನೇ ಅಲ್ಲ, ಏಜೆನ್ಸಿಗೆ ಸೇವೆ ಮಾರಿದ ಒಬ್ಬ ವ್ಯಾಪಾರಿ. ಕುರ್ಚಿ ಮೇಜು ಮಾರಿದವನ ಸಾಲಿನಲ್ಲಿ ನನ್ನ ಹೆಸರಿತ್ತು. ಆ ಸಾಲಿನವರೆಗೆ ಹಣ ಬರಲೇ ಇಲ್ಲ.

ಈ ಮೂರು ಸಾಲುಗಳ ವ್ಯತ್ಯಾಸವೇ ಈ ವಿಷಯದ ಜೀವಾಳ. ಏಜೆನ್ಸಿ ಮುಳುಗಿದಾಗ ನಾವು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ‘ನನಗೆ ಎಷ್ಟು ಬರಬೇಕು’ ಎಂಬುದಲ್ಲ, ‘ನಾನು ಯಾರು’ ಎಂಬುದು. ನೇಮಕಾತಿ ಪತ್ರವಿದೆಯೇ, ಒಪ್ಪಂದವಿದೆಯೇ? ಸಂಬಳದ ಚೀಟಿಯೇ, ಬಿಲ್ಲೇ? ಪಿ.ಎಫ್. ಕಡಿತವಿದೆಯೇ? ತೆರಿಗೆಯನ್ನು ಸಂಬಳವೆಂದು ಮುರಿದಿದ್ದಾರೆಯೇ, ವೃತ್ತಿ ಶುಲ್ಕವೆಂದೇ? ಉತ್ತರ ಇರುವುದು ಈ ಕಾಗದಗಳಲ್ಲಿ.

ಕಂಪನಿಯನ್ನೇ ಕೇಳುವ ಹಕ್ಕು

ಸಂಬಳದ ಮೇಲೆ ದುಡಿಯುವವರಿಗೆ ಇಂದು ಇರುವ ದೊಡ್ಡ ಆಸರೆ ಏಜೆನ್ಸಿಯ ಆಸ್ತಿಯಲ್ಲ, ಕಂಪನಿಯ ಹೊಣೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1970ರ ಕಾಯ್ದೆಯ ಜಾಗವನ್ನು ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಪಡೆದಿದೆ. ಅದರ 55ನೇ ಸೆಕ್ಷನ್ ಹಳೆಯ ನಿಯಮವನ್ನೇ ಮುಂದುವರಿಸಿದೆ: ಗುತ್ತಿಗೆದಾರ ಸಂಬಳ ಕೊಡದಿದ್ದರೆ ಅಥವಾ ಕಡಿಮೆ ಕೊಟ್ಟರೆ ಪ್ರಧಾನ ಉದ್ಯೋಗದಾತ ಅದನ್ನು ತುಂಬಿಕೊಟ್ಟು ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು. ಗುತ್ತಿಗೆದಾರ ಪರವಾನಗಿಗಾಗಿ ಇಟ್ಟ ಭದ್ರತಾ ಠೇವಣಿಯಿಂದ ಸಂಬಳ ಕೊಡಿಸಲೂ ಅವಕಾಶವಿದೆ.

ಆದರೆ ಇಲ್ಲಿ ಎರಡು ಸಂದುಗಳಿವೆ. ಹಿಂದೆ 20 ಗುತ್ತಿಗೆ ಕಾರ್ಮಿಕರಿದ್ದರೆ ಸಾಕಿತ್ತು, ಕೇಂದ್ರ ಕಾಯ್ದೆ ಅನ್ವಯವಾಗುತ್ತಿತ್ತು. ಈಗ 50 ಜನರಿರಬೇಕು. ಎರಡನೆಯದಾಗಿ, ಗುತ್ತಿಗೆದಾರನ ಬಳಿಯೇ ಕಾಯಂ ಆಗಿದ್ದು, ಕಾಲಕಾಲಕ್ಕೆ ಬಡ್ತಿ ವೇತನ ಹಾಗೂ ಸಾಮಾಜಿಕ ಭದ್ರತೆ ಪಡೆಯುವವರನ್ನು ‘ಗುತ್ತಿಗೆ ಕಾರ್ಮಿಕ’ ಎಂಬ ವ್ಯಾಖ್ಯೆಯಿಂದ ಹೊರಗಿಡಲಾಗಿದೆ. ನನ್ನ ಗೆಳೆಯನಂಥ ಎಂಜಿನಿಯರುಗಳು ಈ ಸಂದಿನಲ್ಲಿ ಸುಲಭವಾಗಿ ಬಿದ್ದುಹೋಗುತ್ತಾರೆ.

ಅದೃಷ್ಟವಶಾತ್ ಇನ್ನೊಂದು ಬಾಗಿಲು ತೆರೆದಿದೆ. 2019ರ ವೇತನ ಸಂಹಿತೆಯ 43ನೇ ಸೆಕ್ಷನ್ ‘ಕಾರ್ಮಿಕ’ ಎನ್ನದೆ ‘ಉದ್ಯೋಗಿ’ ಎಂಬ ವಿಶಾಲ ಪದವನ್ನು ಬಳಸುತ್ತದೆ. ಉದ್ಯೋಗದಾತ ವೇತನ ಕೊಡಲು ತಪ್ಪಿದರೆ, ಉದ್ಯೋಗಿ ದುಡಿಯುತ್ತಿರುವ ಸಂಸ್ಥೆಯ ಒಡೆತನ ಹೊಂದಿರುವ ಕಂಪನಿಯೋ ವ್ಯಕ್ತಿಯೋ ಅದಕ್ಕೆ ಹೊಣೆ ಎಂದು ಅದು ಹೇಳುತ್ತದೆ. ಹಳೆಯ ವೇತನ ಪಾವತಿ ಕಾಯ್ದೆಗೆ ತಿಂಗಳಿಗೆ 24,000 ರೂಪಾಯಿಯ ಮಿತಿಯಿತ್ತು. ಈ ಸಂಹಿತೆಗೆ ಅಂಥ ಮಿತಿಯಿಲ್ಲ. ಬಾಕಿಗಾಗಿ ಮೂರು ವರ್ಷದೊಳಗೆ ಅರ್ಜಿ ಕೊಡಬಹುದು. ಉದ್ಯೋಗಿಯೇ ಕೊಡಬಹುದು, ನೋಂದಾಯಿತ ಕಾರ್ಮಿಕ ಸಂಘವೂ ಕೊಡಬಹುದು. ವೇತನ ಕೊಟ್ಟಿದ್ದೇವೆಂದು ಸಾಬೀತು ಮಾಡುವ ಭಾರ ಉದ್ಯೋಗದಾತನ ಮೇಲಿದೆ. ಪ್ರಾಧಿಕಾರ ಮೂಲ ಬಾಕಿಯ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸಬಹುದು. ಮೂರು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕು. ಇದು ಕಾಗದದ ಮೇಲಿನ ಮಾತಾಗಿ ಉಳಿಯದಿರಬೇಕಾದರೆ ಜನ ಅದನ್ನು ಬಳಸಬೇಕು.

ಇಲ್ಲಿ ಬಹಳ ಜನರಿಗೆ ತಿಳಿಯದ ಒಂದು ಅಂಶವಿದೆ. ಏಜೆನ್ಸಿಯ ವಿರುದ್ಧ ದಿವಾಳಿ ಪ್ರಕ್ರಿಯೆ ಆರಂಭವಾದೊಡನೆ ಅದರ ಮೇಲಿನ ದಾವೆ, ವಸೂಲಿಗಳೆಲ್ಲ ಸ್ಥಗಿತವಾಗುತ್ತವೆ. ಆದರೆ ಈ ತಡೆ ದಿವಾಳಿಯಾದ ಏಜೆನ್ಸಿಗೆ ರಕ್ಷಣೆಯೇ ಹೊರತು ಕೆಲಸ ಮಾಡಿಸಿಕೊಂಡ ಕಂಪನಿಗಲ್ಲ. ‘ವಿಷಯ ನ್ಯಾಯಮಂಡಳಿಯಲ್ಲಿದೆ, ನಾವೇನೂ ಮಾಡುವಂತಿಲ್ಲ’ ಎಂಬ ಉತ್ತರ ಕಂಪನಿಯ ಕಚೇರಿಯಿಂದ ಬಂದರೆ ಅದನ್ನು ವೇದವಾಕ್ಯವೆಂದು ನಂಬಬೇಕಾಗಿಲ್ಲ. ಕಂಪನಿಯ ಅಳುಕಿಗೂ ಕಾರಣವಿದೆ. ಏಜೆನ್ಸಿಗೆ ಒಮ್ಮೆ ಕೊಟ್ಟ ಹಣವನ್ನು ಮತ್ತೊಮ್ಮೆ ತೆರಬೇಕಾಗಿ ಬರಬಹುದು. ಏಜೆನ್ಸಿಗೆ ಕೊಡಬೇಕಾದ ಬಾಕಿಯಲ್ಲಿ ಇದನ್ನು ಮುರಿದುಕೊಳ್ಳಲು ದಿವಾಳಿ ಪ್ರಕ್ರಿಯೆ ಶುರುವಾದ ಮೇಲೆ ಸುಲಭವಲ್ಲ. 2024ರ ಜನವರಿಯಲ್ಲಿ ಭಾರ್ತಿ ಏರ್‌ಟೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಂಥ ಹೊಂದಾಣಿಕೆಗೆ ಬಿಗಿಯಾದ ಮಿತಿ ಹಾಕಿದೆ.

ಹಾಗಾಗಿಯೇ ಮೊದಲ ಲಕ್ಷಣ ಕಂಡ ಕೂಡಲೇ ಕಂಪನಿಗೆ ಬರೆಯಬೇಕು ಎನ್ನುವುದು. ಪ್ರಕ್ರಿಯೆ ಆರಂಭವಾಗುವ ಮುನ್ನ ಕಂಪನಿಯ ಕೈಯಲ್ಲಿ ಇನ್ನೂ ಪಾವತಿಯಾಗದ ಬಿಲ್ಲುಗಳಿರುತ್ತವೆ. ಅದನ್ನು ತಡೆದು ನೇರವಾಗಿ ದುಡಿದವರಿಗೆ ಸಂಬಳ ಹಂಚುವುದು ಆಗ ಅದಕ್ಕೆ ಸುಲಭ. ಎರಡು ತಿಂಗಳ ಬಳಿಕ ಅದೇ ಕೆಲಸ ವಕೀಲರ ಅಭಿಪ್ರಾಯ ಕೇಳುವ ಸಂಗತಿಯಾಗಿಬಿಡುತ್ತದೆ.

ದಿವಾಳಿಯ ಬಾಗಿಲಲ್ಲಿ

ಏಜೆನ್ಸಿ ಕಂಪನಿ ಕಾನೂನಿನಡಿ ನೋಂದಾಯಿತವಾಗಿದ್ದರೆ ಅದರ ದಿವಾಳಿ ನಡೆಯುವುದು 2016ರ ದಿವಾಳಿ ಸಂಹಿತೆಯಂತೆ, ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯಲ್ಲಿ. ಬೆಂಗಳೂರಿನಲ್ಲೂ ಅದರ ಪೀಠವಿದೆ. ಸಂಬಳ ಬಾಕಿ ಇರುವವರೇ ಅಲ್ಲಿಗೆ ಹೋಗಬಹುದೇ? ಹೋಗಬಹುದು, ಆದರೆ ಬಾಕಿ ಕನಿಷ್ಠ ಒಂದು ಕೋಟಿ ರೂಪಾಯಿ ಇರಬೇಕು. 2020ರ ಮಾರ್ಚ್‌ವರೆಗೆ ಈ ಮಿತಿ ಒಂದು ಲಕ್ಷವಾಗಿತ್ತು. ಒಬ್ಬ ಗುಮಾಸ್ತನ ಬಾಕಿ ಕೋಟಿ ಮುಟ್ಟುವುದು ಏಳೇಳು ಜನ್ಮಕ್ಕೂ ಸಾಧ್ಯವಿಲ್ಲ. ಆದರೆ ಕಾರ್ಮಿಕ ಸಂಘ ತನ್ನ ಸದಸ್ಯರೆಲ್ಲರ ಪರವಾಗಿ ಒಂದೇ ಅರ್ಜಿ ಸಲ್ಲಿಸಬಹುದೆಂದು 2019ರ ಏಪ್ರಿಲ್‌ನಲ್ಲಿ ಜೆ.ಕೆ. ಜೂಟ್ ಮಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಸಾಮಾನ್ಯವಾಗಿ ಅರ್ಜಿ ಹಾಕುವುದು ಬ್ಯಾಂಕು ಅಥವಾ ಬೇರೆ ದೊಡ್ಡ ಸಾಲಿಗರು. ಅರ್ಜಿ ಅಂಗೀಕಾರವಾದ ಮೇಲೆ ನೇಮಕಗೊಳ್ಳುವ ಮಧ್ಯಂತರ ಅಧಿಕಾರಿ ಮೂರು ದಿನಗಳಲ್ಲಿ ಪತ್ರಿಕಾ ಪ್ರಕಟಣೆ ಕೊಡಬೇಕು. ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ, ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ. ಒಳಪುಟದ ಸಣ್ಣಕ್ಷರದ ಈ ಜಾಹೀರಾತನ್ನು ಯಾರೂ ಓದುವುದಿಲ್ಲ. ಆದರೆ ದುಡಿದವರ ಪಾಲಿಗೆ ಅಂದಿನ ಪತ್ರಿಕೆಯಲ್ಲಿ ಅದಕ್ಕಿಂತ ಮುಖ್ಯವಾದ ಸುದ್ದಿ ಬೇರೆ ಇರಲಾರದು. ಅಧಿಕಾರಿಯ ನೇಮಕವಾದ 14 ದಿನಗಳೊಳಗೆ ಹಕ್ಕು ಸಲ್ಲಿಸಬೇಕು. ತಪ್ಪಿದವರಿಗೆ ಪ್ರಕ್ರಿಯೆ ಆರಂಭವಾದ ದಿನದಿಂದ ಕನಿಷ್ಠ 90 ದಿನಗಳವರೆಗೆ ಅವಕಾಶವಿದ್ದರೂ, ತಡವಾದುದಕ್ಕೆ ಕಾರಣ ಹೇಳಬೇಕು. ಕಾರ್ಮಿಕರು ಮತ್ತು ಉದ್ಯೋಗಿಗಳು ತುಂಬಬೇಕಾದದ್ದು ‘ಫಾರಂ ಡಿ’. ಎಲ್ಲರ ಪರವಾಗಿ ಒಬ್ಬ ಪ್ರತಿನಿಧಿ ಸಲ್ಲಿಸುವುದಾದರೆ ‘ಫಾರಂ ಇ’. ಬಿಲ್ಲು ಕೊಟ್ಟು ದುಡಿದ ನನ್ನಂಥವರಿಗೆ ‘ಫಾರಂ ಬಿ’. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ನೇಮಕಾತಿ ಪತ್ರ, ಸಂಬಳ ಚೀಟಿ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ, ಬಾಕಿ ಕೇಳಿ ಬರೆದ ಪತ್ರಗಳು ಬೇಕು. ಇವುಗಳಲ್ಲಿ ಹೆಚ್ಚಿನವು ಏಜೆನ್ಸಿಯ ಜಾಲತಾಣದಲ್ಲೋ ಕಂಪನಿಯ ಇ-ಮೇಲಿನಲ್ಲೋ ಇರುತ್ತವೆ. ಬಾಗಿಲು ಹಾಕಿದ ದಿನ ಪಾಸ್‌ವರ್ಡು ಕೆಲಸ ಮಾಡುವುದಿಲ್ಲ. ಪ್ರತಿ ತಿಂಗಳೂ ಒಂದೊಂದು ಪ್ರತಿಯನ್ನು ಸ್ವಂತಕ್ಕೆ ತೆಗೆದಿಟ್ಟುಕೊಳ್ಳುವುದೊಂದೇ ದಾರಿ.

ನಾನು ಎಲ್ಲರಿಗೂ ಹೇಳುವ ಇನ್ನೊಂದು ಮಾತಿದೆ. ಇಂಥ ಏಜೆನ್ಸಿಗೆ ಕಾರ್ಖಾನೆಯಿಲ್ಲ, ಜಮೀನಿಲ್ಲ. ಹಳೆಯ ಕಂಪ್ಯೂಟರುಗಳನ್ನು ಮಾರಿದರೆ ಎಷ್ಟು ಬಂದೀತು? ಅದರ ನಿಜವಾದ ಆಸ್ತಿಯೆಂದರೆ ಕಂಪನಿಗಳಿಂದ ಬರಬೇಕಾದ ಬಾಕಿ. ಯಾವ ಕಂಪನಿಯಲ್ಲಿ ಯಾವ ತಿಂಗಳು ಎಷ್ಟು ಜನ ದುಡಿದರು ಎಂಬುದಕ್ಕೆ ಸಾಕ್ಷಿ ಇರುವುದು ದುಡಿದವರ ಹಾಜರಿ ಪಟ್ಟಿಯಲ್ಲಿ. ಅದನ್ನು ಅಧಿಕಾರಿಯ ಕೈಗೆ ಕೊಟ್ಟರೆ ಆ ಬಾಕಿ ವಸೂಲಾಗುವ ಸಂಭವ ಹೆಚ್ಚುತ್ತದೆ. ಹಕ್ಕು ಸಲ್ಲಿಸಿ ಸುಮ್ಮನೆ ಕೂರುವುದಕ್ಕಿಂತ ಇದು ಮೇಲು.

ಪ್ರಕ್ರಿಯೆ ನಡೆಯುತ್ತಿರುವಾಗಲೂ ಹಲವರು ಕಂಪನಿಯಲ್ಲಿ ಕೆಲಸ ಮುಂದುವರಿಸುತ್ತಾರೆ. ಏಜೆನ್ಸಿಯ ವ್ಯವಹಾರವನ್ನು ಅಧಿಕಾರಿ ನಡೆಸಿಕೊಂಡು ಹೋಗುತ್ತಿದ್ದು, ಅವರು ನಿಜವಾಗಿ ದುಡಿದಿದ್ದರೆ, ಆ ಅವಧಿಯ ಸಂಬಳವನ್ನು ಪ್ರಕ್ರಿಯೆಯ ಖರ್ಚೆಂದು ಭಾವಿಸಿ ಎಲ್ಲರಿಗಿಂತ ಮೊದಲು ಕೊಡಬೇಕೆಂದು 2022ರ ಏಪ್ರಿಲ್‌ನಲ್ಲಿ ಎಬಿಜಿ ಶಿಪ್‌ಯಾರ್ಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಕೆಲಸಕ್ಕೆ ಹಾಜರಾಗುತ್ತಿದ್ದೇನೆಂದು ಅಧಿಕಾರಿಗೆ ಲಿಖಿತವಾಗಿ ತಿಳಿಸುವುದು ಇದಕ್ಕಾಗಿ ಅಗತ್ಯ.

ಏಜೆನ್ಸಿ ಉಳಿಯದೆ ಅದರ ಆಸ್ತಿ ಮಾರಾಟವಾದರೆ ಹಣ ಹಂಚಿಕೆಯ ಕ್ರಮವನ್ನು 53ನೇ ಸೆಕ್ಷನ್ ನಿಗದಿಪಡಿಸಿದೆ. ಮೊದಲು ಪ್ರಕ್ರಿಯೆಯ ಖರ್ಚು. ಆಮೇಲೆ ಕಾರ್ಮಿಕರ 24 ತಿಂಗಳ ಬಾಕಿ. ಅಡಮಾನವನ್ನು ಬಿಟ್ಟುಕೊಟ್ಟ ಬ್ಯಾಂಕುಗಳೂ ಇದೇ ಸಾಲಿನಲ್ಲಿ ಸಮಪಾಲು ಪಡೆಯುತ್ತವೆ. ಮೂರನೆಯದು ಇತರ ಉದ್ಯೋಗಿಗಳ 12 ತಿಂಗಳ ಬಾಕಿ. ಅನಂತರ ಭದ್ರತೆಯಿಲ್ಲದ ಸಾಲ ಕೊಟ್ಟವರು, ಸರ್ಕಾರ, ಅದಾದ ಮೇಲೆ ಉಳಿದವರೆಲ್ಲ. ಬಿಲ್ಲು ಕೊಟ್ಟು ದುಡಿದವರು ಈ ‘ಉಳಿದವರೆಲ್ಲ’ ಎಂಬ ಗುಂಪಿನವರು.

ಪಿ.ಎಫ್. ಮತ್ತು ಗ್ರಾಚ್ಯುಟಿಯ ಹಾದಿ ಬೇರೆ. ಆ ನಿಧಿಯ ಹಣ ದಿವಾಳಿಯಾದವನ ಆಸ್ತಿಗೇ ಸೇರದು ಎಂದು 36ನೇ ಸೆಕ್ಷನ್ ಹೇಳುತ್ತದೆ. ಜೆಟ್ ಏರ್‌ವೇಸ್ ನೌಕರರ ಪಿ.ಎಫ್., ಗ್ರಾಚ್ಯುಟಿ ಬಾಕಿಯನ್ನು ಕೊಡಬೇಕೆಂದು ಮೇಲ್ಮನವಿ ನ್ಯಾಯಮಂಡಳಿ 2022ರ ಅಕ್ಟೋಬರ್‌ನಲ್ಲಿ ಆದೇಶಿಸಿತು; 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ನೌಕರನ ಸಂಬಳದಿಂದ ಕಡಿದ ಪಿ.ಎಫ್. ಹಣವನ್ನು ಕಟ್ಟದಿರುವುದು ನಂಬಿಕೆ ದ್ರೋಹದ ಅಪರಾಧ. ಗುತ್ತಿಗೆದಾರ ಕಟ್ಟದಿದ್ದರೆ ಪ್ರಧಾನ ಉದ್ಯೋಗದಾತ ಹೊಣೆಯೆಂದು 1952ರ ಭವಿಷ್ಯ ನಿಧಿ ಯೋಜನೆಯೇ ಹೇಳಿದೆ. ಭವಿಷ್ಯ ನಿಧಿ ಕಚೇರಿಗೆ ದೂರು ಕೊಡಲು ಏಜೆನ್ಸಿ ಮುಳುಗುವವರೆಗೆ ಕಾಯಬೇಕಾಗಿಲ್ಲ.

ಇಷ್ಟೆಲ್ಲ ಏಜೆನ್ಸಿ ಕಂಪನಿಯಾಗಿದ್ದರೆ. ಸಣ್ಣ ಏಜೆನ್ಸಿಗಳು ಹಲವೊಮ್ಮೆ ಒಬ್ಬನೇ ವ್ಯಕ್ತಿಯ ಹೆಸರಿನ ವಹಿವಾಟು. ಅಲ್ಲಿ ನ್ಯಾಯಮಂಡಳಿಯೂ ಇಲ್ಲ, ಪತ್ರಿಕಾ ಪ್ರಕಟಣೆಯೂ ಇಲ್ಲ. ಒಂದು ಬೆಳಿಗ್ಗೆ ಬೀಗ ಕಾಣಿಸುತ್ತದೆ. ಆದರೆ ಅಂಥ ಮಾಲೀಕನ ಸ್ವಂತ ಆಸ್ತಿಯೂ ಸಾಲಕ್ಕೆ ಹೊಣೆಯಾಗುವುದರಿಂದ, ಕಾರ್ಮಿಕ ಇಲಾಖೆಯ ಜೊತೆಗೆ ಸಿವಿಲ್ ನ್ಯಾಯಾಲಯದ ದಾರಿಯೂ ತೆರೆದಿರುತ್ತದೆ.

ಬಿಲ್ಲು ಕೊಟ್ಟು ದುಡಿಯುವವರು

ಸಲಹೆಗಾರರೆಂಬ ದೊಡ್ಡ ಹೆಸರಿನ ನನ್ನಂಥವರ ಸ್ಥಿತಿ ಎಲ್ಲರಿಗಿಂತ ದುರ್ಬಲ. ಕಾರ್ಮಿಕ ಇಲಾಖೆ ನಮ್ಮದಲ್ಲ, ಪಿ.ಎಫ್. ಇಲ್ಲ, ಹಂಚಿಕೆಯಲ್ಲಿ ಕೊನೆಯ ಸಾಲು. ಜಿಎಸ್‌ಟಿ ನೋಂದಣಿ ಇರುವವರ ಕಷ್ಟ ಇನ್ನೂ ಒಂದು ತೂಕ ಹೆಚ್ಚು: ಹಣ ಬರದಿದ್ದರೂ ಬಿಲ್ಲಿನ ತೆರಿಗೆ ಕಟ್ಟಿರಬೇಕು. ಮುಳುಗಿದ ಬಾಕಿಗೆ ತೆರಿಗೆ ವಾಪಸು ಕೊಡುವ ಏರ್ಪಾಡು ನಮ್ಮ ಜಿಎಸ್‌ಟಿ ಕಾನೂನಿನಲ್ಲಿಲ್ಲ.

ಇವರಿಗೆ ಉಳಿದಿರುವ ಅಸ್ತ್ರ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಕಾಯ್ದೆ. ಉದ್ಯಮ್ ಪೋರ್ಟಲಿನಲ್ಲಿ ಉಚಿತವಾಗಿ ನೋಂದಾಯಿಸಿಕೊಂಡ ಸೂಕ್ಷ್ಮ ಉದ್ದಿಮೆಗೆ ಒಪ್ಪಂದ ಏನೇ ಇದ್ದರೂ 45 ದಿನಗಳೊಳಗೆ ಹಣ ಸಲ್ಲಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಒಬ್ಬನೇ ದುಡಿಯುವ ವೃತ್ತಿಪರನೂ ನೋಂದಾಯಿಸಿಕೊಳ್ಳಬಹುದು. ಕೆಲಸ ಆರಂಭಿಸುವ ಮೊದಲೇ ನೋಂದಣಿ ಆಗಿದ್ದರೆ ತಕರಾರಿಗೆ ಎಡೆಯಿರದು. ಆದರೆ ಈ ಅಸ್ತ್ರವೂ ಏಜೆನ್ಸಿಗೆ ಉಸಿರಿರುವಾಗ ಮಾತ್ರ ನಾಟುತ್ತದೆ. ದಿವಾಳಿ ಪ್ರಕ್ರಿಯೆ ಆರಂಭವಾದರೆ ಅಲ್ಲಿನ ವಿಚಾರಣೆಯೂ ನಿಲ್ಲುತ್ತದೆ. ಹೀಗಾಗಿ ಒಪ್ಪಂದಕ್ಕೆ ಸಹಿ ಹಾಕುವ ಮುನ್ನವೇ ಕೇಳಬೇಕಾದ್ದನ್ನು ಕೇಳಬೇಕು: ಬಿಲ್ಲು 15 ದಿನಕ್ಕೊಮ್ಮೆ ಪಾವತಿಯಾಗಲಿ, ಏಜೆನ್ಸಿ ತಪ್ಪಿದರೆ ಕಂಪನಿ ನೇರವಾಗಿ ಕೊಡುತ್ತದೆಂಬ ಒಂದು ಸಾಲು ಇರಲಿ, ಏಜೆನ್ಸಿ ಮುಚ್ಚಿದರೆ ಕಂಪನಿಯ ಜೊತೆ ನೇರವಾಗಿ ದುಡಿಯಲು ಅಡ್ಡಿಯಿಲ್ಲವೆಂದೂ ಬರೆದಿರಲಿ. ಮುಳುಗಿದ ಏಜೆನ್ಸಿಯ ಹಳೆಯ ನಿರ್ಬಂಧಗಳಿಗೆ ಹೆದರಿ ಇದ್ದ ಕೆಲಸವನ್ನೂ ಬಿಟ್ಟವರನ್ನು ನಾನು ಕಂಡಿದ್ದೇನೆ.

ಆಗಬೇಕಾದದ್ದು

ದುಡಿದವರು ಇಷ್ಟೊಂದು ಫಾರಂ, ಸೆಕ್ಷನ್, ಗಡುವುಗಳನ್ನು ಅರಿತಿರಬೇಕೆಂದು ಬಯಸುವುದೇ ಒಂದು ಬಗೆಯ ಅನ್ಯಾಯ. ಸಮಸ್ಯೆಯ ಬೇರು ಇರುವುದು ಸಂಬಳದ ಹಣ ಏಜೆನ್ಸಿಯ ಸಾಮಾನ್ಯ ಖಾತೆಗೆ ಬಿದ್ದು ಅದರ ಸಾಲಕ್ಕೆ ಜಮೆಯಾಗುವುದರಲ್ಲಿ. ಕಂಪನಿ ‘ಇದು ಇಂತಿಷ್ಟು ಜನರ ಸಂಬಳ’ ಎಂದೇ ಹಣ ಕಳಿಸುತ್ತದೆ. ಅದು ಏಜೆನ್ಸಿಯ ಓವರ್‌ಡ್ರಾಫ್ಟ್ ಖಾತೆ ತಲುಪಿದ ಕ್ಷಣ ಬ್ಯಾಂಕಿನದಾಗುತ್ತದೆ. ಮನೆ ಕೊಳ್ಳುವವರ ಹಣದ ಶೇ 70 ಭಾಗವನ್ನು ಆ ಯೋಜನೆಗೇ ಮೀಸಲಾದ ಪ್ರತ್ಯೇಕ ಖಾತೆಯಲ್ಲಿಡಬೇಕೆಂದು 2016ರ ರಿಯಲ್ ಎಸ್ಟೇಟ್ ಕಾಯ್ದೆ ಬಿಲ್ಡರುಗಳಿಗೆ ಕಟ್ಟುಪಾಡು ಹಾಕಿದೆ. ಸಂಬಳದ ಹಣಕ್ಕೂ ಅಂಥ ಪ್ರತ್ಯೇಕ ಖಾತೆ ಏಕಿರಬಾರದು?

ಯುರೋಪಿನ ದೇಶಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿವೆ. ಉದ್ಯೋಗದಾತ ದಿವಾಳಿಯಾದರೆ ಸಂಬಳದ ಬಾಕಿ ಕೊಡಲು ಪ್ರತಿ ದೇಶವೂ ಖಾತರಿ ನಿಧಿ ಸ್ಥಾಪಿಸಬೇಕೆಂಬ ನಿರ್ದೇಶನ ಅಲ್ಲಿ 1980ರಲ್ಲೇ ಹೊರಟಿತು. ಇಟಲಿ ಅದನ್ನು ಜಾರಿ ಮಾಡದಿದ್ದಾಗ, ಸಂಬಳ ಕಳೆದುಕೊಂಡ ಕಾರ್ಮಿಕರಿಗೆ ಸರ್ಕಾರವೇ ನಷ್ಟ ತುಂಬಿಕೊಡಬೇಕೆಂದು ಯುರೋಪಿಯನ್ ನ್ಯಾಯಾಲಯ 1991ರಲ್ಲಿ ಹೇಳಿತು. ಬ್ರಿಟನ್ನಿನಲ್ಲಿ ರಾಷ್ಟ್ರೀಯ ವಿಮಾ ನಿಧಿಯಿಂದ ನೌಕರರಿಗೆ ಎಂಟು ವಾರಗಳವರೆಗಿನ ಸಂಬಳ, ಒಂದು ಮಿತಿಗೊಳಪಟ್ಟು, ಸಿಗುತ್ತದೆ. ಅಲ್ಲಿಯೂ ಸ್ವಂತ ಕಂಪನಿ ತೆರೆದು ಬಿಲ್ಲು ಕೊಟ್ಟು ದುಡಿಯುವವರು ಏಜೆನ್ಸಿ ಮುಳುಗಿದಾಗ ಬರಿಗೈಯವರೇ. ನಮ್ಮಲ್ಲಂತೂ ಅಂಥ ನಿಧಿಯೇ ಇಲ್ಲ. ಉದ್ಯೋಗದಾತರ ದಿವಾಳಿಯಲ್ಲಿ ಕಾರ್ಮಿಕರ ಹಕ್ಕುಗಳನ್ನು ಕಾಯುವ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1992ರ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ.

ಸರ್ಕಾರ ಇದನ್ನೆಲ್ಲ ಮಾಡುವವರೆಗೆ ಕಾಯಬೇಕಾಗಿಲ್ಲ. ಏಜೆನ್ಸಿಯ ಸೇವೆ ಪಡೆಯುವವರು ಕಾರ್ಖಾನೆಗಳು, ಇಲಾಖೆಗಳು ಮಾತ್ರವಲ್ಲ. ಈ ಲೇಖನ ಓದುತ್ತಿರುವವರಲ್ಲಿ ಅನೇಕರು ಅಪಾರ್ಟ್‌ಮೆಂಟ್ ಸಂಘಗಳ, ಶಾಲಾ ಆಡಳಿತ ಮಂಡಳಿಗಳ ಸದಸ್ಯರು. ಕಾವಲು, ಕಸಗುಡಿಸುವ ಕೆಲಸಗಳಿಗೆ ಅತಿ ಕಡಿಮೆ ದರ ಹೇಳಿದ ಏಜೆನ್ಸಿಯನ್ನು ಆರಿಸುವವರು, ಅದರ ಬಿಲ್ಲನ್ನು ಮುಂದಿನ ಸಭೆಗೆ ಮುಂದೂಡುವವರು ನಾವೇ. ಕಳೆದ ತಿಂಗಳ ಸಂಬಳ ಕಾರ್ಮಿಕರ ಖಾತೆಗೆ ಹೋದದ್ದಕ್ಕೆ ಬ್ಯಾಂಕಿನ ಪುರಾವೆ, ಪಿ.ಎಫ್. ಮತ್ತು ಇಎಸ್‌ಐ ಕಟ್ಟಿದ ಚಲನ್‌ಗಳು ಜೊತೆಗಿಲ್ಲದ ಬಿಲ್ಲನ್ನು ಅಂಗೀಕರಿಸುವುದಿಲ್ಲ ಎಂದು ನಮ್ಮ ಸಂಘದಲ್ಲಿ ಒಂದು ನಿರ್ಣಯ ಮಾಡಲು ಯಾವ ಸಂಹಿತೆಯೂ ಬೇಕಿಲ್ಲ. ಪುರಾವೆಯಿದ್ದ ಬಿಲ್ಲನ್ನು ಏಳು ದಿನಗಳಲ್ಲಿ ಪಾವತಿಸುತ್ತೇವೆ ಎಂಬುದನ್ನೂ ಅದೇ ನಿರ್ಣಯದಲ್ಲಿ ಸೇರಿಸಬೇಕು. ಏಜೆನ್ಸಿ ಮುಳುಗದಂತೆ ತಡೆಯುವ ಕೆಲಸದ ಅರ್ಧ ಭಾಗ ಅಷ್ಟರಲ್ಲೇ ಇದೆ.